ಗ್ಯಾಲರಿಯಲ್ಲಿ ಅವನಿಗೂ ಒಂದು ಸ್ಥಳ



ದಾವೀದನು ಅರಸನಾಗಿ, ಯುದ್ಧಗಳ ಗದ್ದಲ ಸ್ವಲ್ಪ ತಣ್ಣಗಾದ ಮೇಲೆ ಅವನಿಗೆ ತನ್ನ ಪ್ರಾಣಸ್ನೇಹಿತ ಯೋನಾತಾನನ ನೆನಪಾಗುತ್ತದೆ. ಆ ಮನೆತನದಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸುತ್ತಾನೆ. ಒಬ್ಬ ಮಗನಿದ್ದಾನೆ, ಆದರೆ ಅವನಿಗೆ ಎರಡು ಕಾಲುಗಳೂ ಕುಂಟು ಎಂಬ ಉತ್ತರ ಬರುತ್ತದೆ. ಅವನೇ ಮೆಫೀಬೋಶೆತ. ಹುಟ್ಟಿನಿಂದ ಹಾಗಿದ್ದವನಲ್ಲ. ಐದು ವರ್ಷದ ಮಗುವಾಗಿದ್ದಾಗ ಯುದ್ಧಭೂಮಿಯಿಂದ ಅಜ್ಜ ಮತ್ತು ತಂದೆಯ ಸಾವಿನ ಸುದ್ದಿ ಬಂತು. ದಾದಿ ಅವನನ್ನು ಎತ್ತಿಕೊಂಡು ಓಡಿದಳು. ಆ ಅವಸರದಲ್ಲಿ ಮಗು ಕೆಳಗೆ ಬಿದ್ದಿತು. ಅಂದಿನಿಂದ ಅವನು ಕಾಲು ಕಳೆದುಕೊಂಡು, ಲೋದೆಬಾರ್ ಎಂಬ ದೂರದ ಊರಿನಲ್ಲಿ, ಇನ್ನೊಬ್ಬರ ಮನೆಯಲ್ಲಿ ಬೆಳೆದ. ದಾವೀದ ಅವನನ್ನು ಕರೆತರಿಸಿ ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡ.

ಸಮುವೇಲನ ಎರಡನೆಯ ಗ್ರಂಥದ ಒಂಬತ್ತನೆಯ ಅಧ್ಯಾಯ ಮುಗಿಯುವ ರೀತಿಯನ್ನು ಗಮನಿಸಿ. ಅವನು ಪ್ರತಿದಿನ ಅರಸನ ಜೊತೆ ಊಟ ಮಾಡುತ್ತಿದ್ದನೆಂದು ಹೇಳಿ, ಅವನ ಕಾಲುಗಳು ಇನ್ನೂ ಹಾಗೆಯೇ ಇದ್ದವೆಂದು ಮತ್ತೊಮ್ಮೆ ನೆನಪಿಸಿ, ಅಧ್ಯಾಯ ನಿಂತುಬಿಡುತ್ತದೆ. ಪವಾಡ ನಡೆಯಲಿಲ್ಲ. ಅವನು ಎದ್ದು ನಡೆಯಲಿಲ್ಲ. ಅವನಿಗೆ ಸಿಕ್ಕಿದ್ದು ಒಂದು ಜಾಗ. ಅದೂ ಒಂದು ಹಬ್ಬದ ದಿನದ ಮಟ್ಟಿಗಲ್ಲ, ಪ್ರತಿದಿನಕ್ಕೂ.

ಈ ಕಥೆಯನ್ನು ಈ ವಾರ ಒಬ್ಬ ಫುಟ್‌ಬಾಲ್ ಅಭಿಮಾನಿಯ ಪಕ್ಕದಲ್ಲಿ ಕುಳಿತು ಓದೋಣ. ವಿಶ್ವಾಸದ ಪುಟಕ್ಕೆ ಚೆಂಡಾಟ ಏಕೆ ಬಂತು ಎಂದು ಹುಬ್ಬೇರಿಸಬೇಡಿ. ಓಟದ ಪಂದ್ಯವನ್ನೂ ಮುಷ್ಟಿಕಾಳಗವನ್ನೂ ಸಂತ ಪೌಲರೇ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದೊಳಗೆ ತಂದಿದ್ದಾರೆ.

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೋಗುವಾಗ ಕಾಡಿನ ನಡುವೆ ಕೆರೆಕಟ್ಟೆ ಸಿಗುತ್ತದೆ. ಪಕ್ಕದಲ್ಲೇ ಕುದುರೆಮುಖದ ಕಾಡು. ಮನೆಗಳು ಒಂದಕ್ಕೊಂದು ದೂರ, ಮಳೆಗಾಲ ಬಹು ದೀರ್ಘ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಗಾಲಿಕುರ್ಚಿ ಹಿಡಿದವರ ಕಥೆ ಕೇಳಿದರೆ ಎಷ್ಟೋ ಸಲ ಅದು ಅಡಿಕೆ ಮರದಿಂದ ಶುರುವಾಗುತ್ತದೆ. ಮಳೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮರ ಹತ್ತಬೇಕು. ಚಳಿ ಬಿದ್ದ ಮೇಲೆ ಕೊನೆ ಇಳಿಸಲು ಮತ್ತೆ ಹತ್ತಬೇಕು. ಮರವೋ ನುಣುಪು. ಕಾಲು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಸೊಂಟದಿಂದ ಕೆಳಗೆ ಬಲವಿಲ್ಲ. ಬೆಳಿಗ್ಗೆ ಕೂಲಿಗೆ ಹೋದವನು ಆಸ್ಪತ್ರೆಯಿಂದ ತಿಂಗಳುಗಳ ನಂತರ ಮರಳಿದಾಗ ಮನೆಯ ಹೊಸ್ತಿಲೇ ಅವನಿಗೆ ಬೆಟ್ಟ.

ಇಂಥ ಒಬ್ಬ ಯುವಕನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಅವನಿಗೆ ನಾನು ಹೆಸರು ಕೊಡುವುದಿಲ್ಲ. ನಿಮ್ಮ ಧರ್ಮಕೇಂದ್ರದಲ್ಲೇ ಆ ಹೆಸರಿನವನು ಇದ್ದಾನು. ಅವನ ತಂಡ ಬೆಂಗಳೂರು ಎಫ್.ಸಿ. 2013ರಲ್ಲಿ ಹುಟ್ಟಿ, ಮೊದಲ ಸಲ ಆಡಿದ ಐ-ಲೀಗನ್ನೇ ಗೆದ್ದ ತಂಡ. ಕಂಠೀರವ ಕ್ರೀಡಾಂಗಣ ಅದರ ಮನೆ, ಬಣ್ಣ ನೀಲಿ. ಕೆರೆಕಟ್ಟೆಯ ಮನೆಯೊಂದರಲ್ಲಿ ನೀಲಿ ಅಂಗಿ ತೊಟ್ಟು ಮೊಬೈಲನ್ನು ಕಿಟಕಿಯ ಸರಳಿಗೆ ಒರಗಿಸಿ, ನೆಟ್‌ವರ್ಕ್ ಸಿಗಲೆಂದು ಕಾಯುತ್ತಾ ಅವನು ಕುಳಿತಿದ್ದಾನೆ ಎಂದುಕೊಳ್ಳಿ.

2024–25ರ ಸೀಸನ್ ಹೇಗೆ ಸಾಗಿತು ನೋಡಿ. ಮೊದಲ ಪಂದ್ಯ 2024ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ವಿಜಯೋತ್ಸವದ ದಿನ. ಯುವ ಆಟಗಾರ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿನಿಂದ ಈಸ್ಟ್ ಬೆಂಗಾಲ್ ಸೋತಿತು. ಎರಡು ವಾರದ ನಂತರ ಮೋಹನ್ ಬಾಗಾನಿಗೆ ಮೂರು ಗೋಲು. ನವೆಂಬರ್ ಆರಂಭದಲ್ಲಿ ಗೋವಾದಲ್ಲಿ ಮೊದಲ ಸೋಲು. ಆಗಮನ ಕಾಲದ ಮೊದಲ ವಾರ, ಡಿಸೆಂಬರ್ 7ರ ಶನಿವಾರ, ನಲವತ್ತು ದಾಟಿದ ಸುನಿಲ್ ಛೆಟ್ರಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಮೂರು ಗೋಲು ಹೊಡೆದರು. ಜನವರಿ ಬಂತು, ಎಲ್ಲ ತಲೆಕೆಳಗಾಯಿತು. ತವರಿನಲ್ಲೇ ಮೊಹಮ್ಮೆಡನ್ ಎದುರು ಕೊನೆಯ ನಿಮಿಷಗಳಲ್ಲಿ ಬಿದ್ದ ಗೋಲಿನಿಂದ ಸೋಲು. ಒಡಿಶಾದ ಎದುರು ಎರಡು ಗೋಲು ಮುಂದಿದ್ದೂ ಸೋಲು. ಮತ್ತೆ ಚೇತರಿಕೆ. ತಪಸ್ಸುಕಾಲದಲ್ಲಿ, ಮಾರ್ಚ್ 29ರಂದು, ಮುಂಬೈ ಸಿಟಿಗೆ ಐದು ಗೋಲು. ಏಪ್ರಿಲ್ 6ರಂದು ಗೋವಾದಲ್ಲಿ ಸೆಮಿಫೈನಲಿನ ಎರಡನೆಯ ಪಂದ್ಯ. ಎರಡು ಪಂದ್ಯಗಳ ಲೆಕ್ಕ ಸಮವಾಗಿ, ನಿಗದಿತ ತೊಂಬತ್ತು ನಿಮಿಷ ಮುಗಿದ ಮೇಲೆ ಛೆಟ್ರಿ ತಲೆಯಿಂದ ತಳ್ಳಿದ ಚೆಂಡು ಬಲೆ ಸೇರಿತು. ಆ ರಾತ್ರಿ ಎಷ್ಟು ಮನೆಗಳಲ್ಲಿ ನಿದ್ದೆಯಲ್ಲಿದ್ದ ಮಕ್ಕಳು ಬೆಚ್ಚಿಬಿದ್ದರೋ! ಅಂತಿಮ ಪಂದ್ಯ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ. ಬೆಂಗಳೂರು ಮೊದಲು ಮುಂದಿತ್ತು. ಮೋಹನ್ ಬಾಗಾನ್ ಪೆನಾಲ್ಟಿಯಿಂದ ಸಮಮಾಡಿ, ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್‌ಲಾರೆನ್ ಅವರ ಗೋಲಿನಿಂದ 2–1ರಲ್ಲಿ ಗೆದ್ದುಕೊಂಡಿತು. ಮರುದಿನ ಗರಿಗಳ ಭಾನುವಾರ.

ಶಿಲುಬೆಯ ಹಬ್ಬದಿಂದ ಗರಿಗಳ ಭಾನುವಾರದ ಹಿಂದಿನ ರಾತ್ರಿಯವರೆಗೆ, ಏಳು ತಿಂಗಳು. ಇದರಲ್ಲಿ ದೈವಸಂಕೇತ ಹುಡುಕಲು ನಾನು ಹೋಗುವುದಿಲ್ಲ. ಪಂದ್ಯಾವಳಿಯ ವೇಳಾಪಟ್ಟಿ ಮಾಡುವವರು ಪೂಜಾವಿಧಿಯ ಪಂಚಾಂಗ ನೋಡಿ ಮಾಡುವುದಿಲ್ಲ. ಆದರೆ ಒಂದು ಮಾತನ್ನು ಗಮನಿಸಿದ್ದೀರಾ? ಅಭಿಮಾನಿಯಾದವನು ‘ಅವರು ಸೋತರು’ ಎನ್ನುವುದಿಲ್ಲ. ‘ನಾವು ಸೋತೆವು’ ಎನ್ನುತ್ತಾನೆ. ಕಾಲು ಅಲ್ಲಾಡಿಸಲಾಗದ ನಮ್ಮ ಹುಡುಗನೂ ಹಾಗೆಯೇ ಹೇಳುತ್ತಾನೆ. ಆಗ ಪಕ್ಕದಲ್ಲಿ ಕುಳಿತವರಲ್ಲಿ ಯಾರೋ ಒಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ‘ಪಾಪ, ಆಡಲಂತೂ ಆಗುವುದಿಲ್ಲ, ನೋಡಿಯಾದರೂ ಸಂತೋಷಪಡಲಿ’ ಎನ್ನುತ್ತಾರೆ.

ಈ ‘ಪಾಪ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲೋಣ. ಕಂಠೀರವದಲ್ಲಿ ಸುಮಾರು 25,000 ಜನ ಕೂರಬಹುದು. ಆಡುವವರು ಇಪ್ಪತ್ತೆರಡು ಮಂದಿ. ಉಳಿದ ಅಷ್ಟೂ ಜನ, ಅವರ ಕಾಲು ಎಷ್ಟೇ ಗಟ್ಟಿಯಿದ್ದರೂ, ಆಡದೆ ಕುಳಿತವರೇ. ಗ್ಯಾಲರಿಯಲ್ಲಿ ಕಾಲಿನ ಕೆಲಸ ಏನೂ ಇಲ್ಲ. ಕಣ್ಣಿದ್ದರೆ ಕಣ್ಣು, ಕಿವಿಯಿದ್ದರೆ ಕಿವಿ, ಗಂಟಲು, ಮತ್ತು ಸೋತ ಮೇಲೂ ಮುಂದಿನ ಶನಿವಾರ ಮರಳಿ ಬರುವ ಹಟ, ಇಷ್ಟಿದ್ದರೆ ಸಾಕು. ಅಂಥ ಕಡೆಯಲ್ಲೂ ನಮ್ಮ ಹುಡುಗನಿಗೆ ಕೊರತೆ ಇದೆ ಎನಿಸುವುದಾದರೆ ಆ ಕೊರತೆ ಅವನ ಮೈಯೊಳಗಿನದಲ್ಲ. ಅದು ಮೆಟ್ಟಿಲಿನಲ್ಲಿದೆ, ಬಾಗಿಲಿನಲ್ಲಿದೆ, ಬಸ್ಸಿನಲ್ಲಿದೆ.

(ಹೆಸರಿನ ವಿಷಯ ಬಂದುದರಿಂದ ಒಂದು ಮಾತು. ಹಿಂದೆ ‘ಅಂಗವಿಕಲ’ ಎನ್ನುತ್ತಿದ್ದೆವು. ಈಗ ಸರ್ಕಾರಿ ಕಾಗದದಲ್ಲಿ ‘ವಿಕಲಚೇತನ’. ಗೌರವಕ್ಕಾಗಿಯೇ ಮಾಡಿದ ಪದ, ಸರಿ. ಆದರೆ ಅಂಗಕ್ಕಿದ್ದ ಊನವನ್ನು ತೆಗೆದು ಚೇತನಕ್ಕೆ ಅಂಟಿಸಿದಂತಾಗಲಿಲ್ಲವೇ? ನನಗೆ ಹಳೆಯ ಪದವೇ ಪ್ರಾಮಾಣಿಕವಾಗಿ ಕಾಣುತ್ತದೆ.)

ಒಂದು ಸಲವಾದರೂ ಕಂಠೀರವಕ್ಕೆ ಹೋಗಿ ಪಂದ್ಯ ನೋಡಬೇಕೆಂದು ಅವನಿಗೆ ಆಸೆ. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗ ತೊಂಬತ್ತು ನಿಮಿಷವೂ ನಿಂತು ಹಾಡುವುದನ್ನು ಮೊಬೈಲಿನಲ್ಲಿ ಕೇಳಿದ್ದಾನೆ. ನಮಗಾದರೆ ಟಿಕೆಟ್ಟು, ಬಸ್ಸು, ಅಷ್ಟೇ. ಅವನ ಲೆಕ್ಕ ಬೇರೆ. ಕೆ.ಎಸ್.ಆರ್.ಟಿ.ಸಿ.ಯ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ. ಬೆಂಗಳೂರು 300 ಕಿಲೋಮೀಟರಿಗೂ ಹೆಚ್ಚು. ಬಸ್ಸಿನ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ರಾತ್ರಿಯ ದಾರಿಯಲ್ಲಿ ಶೌಚಕ್ಕೆ ಏನು ಮಾಡುವುದು ಎಂದು ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡಬೇಕು. ಮೈದಾನ ತಲುಪಿದರೆ ಯಾವ ಗೇಟಿನಲ್ಲಿ ಇಳಿಜಾರು ಹಾದಿ ಇದೆ, ಗಾಲಿಕುರ್ಚಿಗೆ ಜಾಗ ಎಲ್ಲಿ ಎಂದು ಕೇಳುತ್ತಾ ಸುತ್ತಬೇಕು. 2025ರ ಜೂನ್ 4ರಂದು, ಅಲ್ಲಿಗೆ ಹೆಚ್ಚು ದೂರವಿಲ್ಲದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತ ಮೇಲೆ, ಗಟ್ಟಿ ಕಾಲಿನವರ ಗತಿಯೇ ಹೀಗಾದರೆ ನಮ್ಮ ಮಗನದ್ದೇನು ಎಂದು ತಾಯಿ ಕೇಳಿದರೆ ಯಾರು ಉತ್ತರ ಹೇಳುವುದು?

ಎಲ್ಲ ದಾಟಿ ಒಳಗೆ ಹೋದನೆನ್ನಿ. ಗೋಲು ಬೀಳುವ ಕ್ಷಣ ಮುಂದಿನ ಸಾಲಿನವರೆಲ್ಲ ಎದ್ದು ನಿಲ್ಲುತ್ತಾರೆ. ಕುಳಿತೇ ಇರಬೇಕಾದವನಿಗೆ ಕಾಣುವುದು ಬೆನ್ನುಗಳು. ಏಳು ತಿಂಗಳು ಕಾದ ಗೋಲು, ಮುನ್ನೂರು ಕಿಲೋಮೀಟರ್ ಬಂದವನ ಕಣ್ಣಿಗೆ ಬೀಳುವುದಿಲ್ಲ. ಯುರೋಪಿನ ಗಾಲಿಕುರ್ಚಿಯ ಅಭಿಮಾನಿಗಳು ಈ ಒಂದು ವಿಷಯಕ್ಕೇ ವರ್ಷಗಟ್ಟಲೆ ಗುದ್ದಾಡಿದ್ದಾರೆ. 2009ರಲ್ಲಿ ಅವರಿಗಾಗಿಯೇ ಒಂದು ಸಂಸ್ಥೆಯೂ ಹುಟ್ಟಿತು. ಮುಂದಿನವರು ಎದ್ದರೂ ಮೈದಾನ ಕಾಣುವಷ್ಟು ಎತ್ತರದ ಕಟ್ಟೆ ಕಟ್ಟಿ ಎನ್ನುವುದು ಅವರ ಬೇಡಿಕೆಗಳಲ್ಲಿ ಒಂದು. ನಮ್ಮ ದೇಶದಲ್ಲೂ ಕಾನೂನಿದೆ. 1995ರ ಕಾಯಿದೆಯ ಜಾಗಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕ್ರೀಡೆಗೇ ಒಂದು ಪ್ರತ್ಯೇಕ ಕಲಮನ್ನು ಮೀಸಲಿಟ್ಟಿದೆ. ಸಾರ್ವಜನಿಕ ಕಟ್ಟಡಗಳ ಪ್ರವೇಶದ ನಿಯಮಗಳು ಬರೀ ಸಲಹೆಯಾಗಿರಬಾರದು, ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ದೃಷ್ಟಿ ಸಮಸ್ಯೆಯಿರುವ ರಾಜೀವ್ ರತೂರಿ. ನಮ್ಮ ಹುಡುಗ ತನ್ನ ತಂಡದ ಮೊದಲ ಸೋಲನ್ನು ನುಂಗಿಕೊಳ್ಳುತ್ತಿದ್ದ ವಾರವೇ ಅದು. ಪತ್ರಿಕೆಯಲ್ಲಿ ಆಟದ ಪುಟ ನೋಡಿದವರಲ್ಲಿ ಎಷ್ಟು ಮಂದಿ ಆ ಸುದ್ದಿಯನ್ನು ಓದಿದರೋ.

ಕ್ರೀಡಾಂಗಣವನ್ನು ದೂರುವುದು ಸುಲಭ. ಈಗ ನಮ್ಮ ಅಂಗಳಕ್ಕೆ ಬರೋಣ.

ಹಳೆಯ ಒಡಂಬಡಿಕೆಯಲ್ಲಿ ಮುಚ್ಚಿಡಲಾಗದ ಕೆಲವು ಮಾತುಗಳಿವೆ. ಕುಂಟನೂ ಕುರುಡನೂ ಯಾಜಕನ ಮನೆತನದಲ್ಲಿ ಹುಟ್ಟಿದರೂ ಬಲಿ ಅರ್ಪಿಸಲು ಮುಂದೆ ಬರಬಾರದು ಎಂದು ಯಾಜಕಕಾಂಡ ಹೇಳುತ್ತದೆ. ಮೆಫೀಬೋಶೆತನನ್ನು ಪಂಕ್ತಿಗೆ ಕರೆದ ಅದೇ ದಾವೀದನ ಕಾಲದಲ್ಲೇ ಕುರುಡರಿಗೂ ಕುಂಟರಿಗೂ ಮನೆಯೊಳಗೆ ಪ್ರವೇಶವಿಲ್ಲ ಎಂಬ ಗಾದೆ ಹುಟ್ಟಿತೆಂದು ನಾಲ್ಕು ಅಧ್ಯಾಯ ಹಿಂದೆ ಬರೆದಿದೆ. ಈಗ ಮತ್ತಾಯನ ಶುಭಸಂದೇಶದ ಇಪ್ಪತ್ತೊಂದನೆಯ ಅಧ್ಯಾಯ ತೆರೆಯಿರಿ. ಯೇಸುಸ್ವಾಮಿ ಗರಿಗಳ ಜಯಘೋಷದ ನಡುವೆ ಜೆರುಸಲೇಮಿಗೆ ಬಂದು, ಮಹಾದೇವಾಲಯದ ಅಂಗಳದಲ್ಲಿ ವ್ಯಾಪಾರಿಗಳ ಮೇಜುಗಳನ್ನು ಉರುಳಿಸುತ್ತಾರೆ. ಇದು ನಮಗೆಲ್ಲ ಗೊತ್ತು. ಅದರ ಮುಂದಿನ ಮಾತನ್ನು ನಾವು ಓದುವಷ್ಟರಲ್ಲಿ ಪುಟ ಮಗುಚಿರುತ್ತೇವೆ: ಆಮೇಲೆ ಕುರುಡರೂ ಕುಂಟರೂ ದೇವಾಲಯದೊಳಗೇ ಅವರ ಬಳಿಗೆ ಬಂದರು. ಮೇಜುಗಳು ಉರುಳಿದವು, ಜಾಗ ತೆರವಾಯಿತು, ಅವರು ಬಂದರು. ಜಾಗವಿಲ್ಲದೆ ನಿಂತಿದ್ದವರು ಅಲ್ಲೇ ಹೊರಗೆ ಎಲ್ಲೋ ಇದ್ದರು ಎಂದಾಯಿತು.

ಮಲೆನಾಡಿನ ನಮ್ಮ ಚರ್ಚುಗಳಲ್ಲಿ ಗುಡ್ಡದ ನೆತ್ತಿಯ ಮೇಲಿರುವವು ಎಷ್ಟೋ. ಹಿರಿಯರು ಶ್ರಮಪಟ್ಟು ಕಲ್ಲು ಹೊತ್ತು ಕಟ್ಟಿದವು, ನೋಡಲು ಬಲು ಚಂದ. ಆದರೆ ಮೆಟ್ಟಿಲುಗಳನ್ನು ಎಣಿಸಿದ್ದೀರಾ? ಹತ್ತಲಾಗದವರ ಮನೆಗೆ ಗುರುಗಳು ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಒಯ್ಯುತ್ತಾರೆ. ಇದು ಪವಿತ್ರವಾದ ಸೇವೆ, ಹಾಸಿಗೆ ಹಿಡಿದವರಿಗೆ ಅದೇ ಜೀವ. ಆದರೆ ಗಾಲಿಕುರ್ಚಿಯಲ್ಲಿ ಕುಳಿತು ಬರಬಲ್ಲ ಇಪ್ಪತ್ತೈದರ ಯುವಕನಿಗೂ ಅದೇ ಏರ್ಪಾಡು ಮಾಡಿ ನಾವು ನೆಮ್ಮದಿಯಾಗಿ ಕುಳಿತರೆ, ಆ ಪವಿತ್ರ ಸೇವೆ ನಮ್ಮ ಸೋಮಾರಿತನಕ್ಕೆ ಮುಸುಕಾಯಿತು ಎಂದೇ ನಾನು ಹೇಳುತ್ತೇನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರು ಮೆಟ್ಟಿಲಿನ ಬಾಗಿಲಿಗೆ ಹದಿನೆಂಟು ಅಡಿಯಾದರೂ ಬೇಕಾದೀತು. ಬಾಗಿಲು 90 ಸೆಂಟಿಮೀಟರ್ ಅಗಲವಿದ್ದರೆ ಕುರ್ಚಿ ಸಲೀಸಾಗಿ ಬರುತ್ತದೆ. ವಾರ್ಷಿಕ ಹಬ್ಬದ ದೀಪಾಲಂಕಾರಕ್ಕೆ ಖರ್ಚು ಮಾಡುವ ಹಣವನ್ನು ಪಾಲನಾ ಸಮಿತಿಯವರು ಒಮ್ಮೆ ಇದರ ಪಕ್ಕದಲ್ಲಿಟ್ಟು ನೋಡಲಿ. ಹಬ್ಬದ ಮರುದಿನ ಯುವಕರು ವಾಲಿಬಾಲೋ ಫುಟ್‌ಬಾಲೋ ಪಂದ್ಯ ಇಡುತ್ತಾರಲ್ಲ, ಅಲ್ಲಿ ಅಂಕ ಬರೆಯಲು, ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆ ಕೊಡಲು ಕಾಲು ಬೇಕೇ? ಏಳು ತಿಂಗಳ ಆಟವನ್ನು ನಿಮಿಷ ನಿಮಿಷವೂ ನೆನಪಿಟ್ಟವನು ನಿಮ್ಮ ಊರಲ್ಲೇ ಇದ್ದಾನೆ.

ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದ ಪಾರ್ಶ್ವವಾಯು ರೋಗಿಯ ಪ್ರಸಂಗದಲ್ಲಿ ನಾವು ಗುಣವಾದುದನ್ನೇ ಹಾಡಿ ಹೊಗಳುತ್ತೇವೆ. ಕಫೆರ್ನವುಮಿನ ಆ ಮನೆಯ ಬಾಗಿಲಿಗೆ ಅಡ್ಡವಾಗಿ ನಿಂತವರು ಯಾರು? ಶತ್ರುಗಳಲ್ಲ. ದೇವರ ವಾಕ್ಯ ಕೇಳಲು ಬಂದ ಭಕ್ತರು. ಅವರಿಗೆ ಅವನ ಮೇಲೆ ದ್ವೇಷವೇನೂ ಇರಲಿಲ್ಲ; ಬೆನ್ನು ಹಾಕಿ ನಿಂತಿದ್ದರು, ಅಷ್ಟೇ. ಗ್ಯಾಲರಿಯಲ್ಲಿ ಎದ್ದು ನಿಂತವರ ಹಾಗೆ. ನಾಲ್ವರು ಮಾಡು ಬಿಚ್ಚಿದರು. ಯೇಸುಸ್ವಾಮಿ ನೋಡಿದ್ದು ಆ ಎಲ್ಲರ ವಿಶ್ವಾಸವನ್ನು, ಅಂದರೆ ಹೊತ್ತವರದನ್ನೂ, ಹೊರಿಸಿಕೊಂಡವನದನ್ನೂ. ಹೊರಿಸಿಕೊಳ್ಳುವುದಕ್ಕೂ ವಿಶ್ವಾಸ ಬೇಕು ಎಂಬುದನ್ನು ಕೈಹಿಡಿದು ಬಸ್ಸು ಹತ್ತಿಸಿಕೊಂಡವರನ್ನೇ ಕೇಳಿ.

ನಮ್ಮಲ್ಲಿ ಡಿಸೆಂಬರ್ 3 ಬಂದರೆ ಅಂಗವಿಕಲರ ದಿನ. ಶಾಲು, ಹಣ್ಣು, ಒಂದು ಫೋಟೋ. ಡಿಸೆಂಬರ್ 4ರಂದು ಅವರು ಎಲ್ಲಿದ್ದಾರೆ? ಅಭಿಮಾನ ಎಂಬುದು ಒಂದು ದಿನದ ಕೆಲಸವಲ್ಲ. ಜನವರಿಯ ಸೋಲುಗಳ ವಾರದಲ್ಲೂ ಅದು ಜೊತೆಗಿರಬೇಕು. ಪೋಪ್ ಫ್ರಾನ್ಸಿಸರು 2020ರ ಅಕ್ಟೋಬರ್ 3ರಂದು ಅಸಿಸಿಯಲ್ಲಿ ಸಹಿ ಹಾಕಿದ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರದಲ್ಲಿ ಅಂಗವಿಕಲರನ್ನು ಸಮಾಜದೊಳಗೇ ಬಚ್ಚಿಡಲಾದ ದೇಶಭ್ರಷ್ಟರಿಗೆ ಹೋಲಿಸಿದ್ದಾರೆ. ನಮ್ಮ ನಡುವೆಯೇ ಇದ್ದರೂ ಸೇರಿದವರಲ್ಲ, ಪಾಲುಗೊಂಡವರಲ್ಲ ಎಂಬಂತೆ ಬಾಳುವವರೆಂಬ ಅರ್ಥದಲ್ಲಿ.

ಜೊತೆಗಿರುವುದು ಎಂದರೆ ಹೇಗಿರುತ್ತದೆ ಎನ್ನುವುದಕ್ಕೆ ಬ್ರೆಜಿಲಿನ ಒಬ್ಬ ತಾಯಿಯನ್ನು ನೋಡಬಹುದು. ಸಿಲ್ವಿಯಾ ಗ್ರೆಕೊ. ಅವರ ಮಗ ನಿಕೊಲಸ್‌ಗೆ ಕಣ್ಣು ಕಾಣುವುದಿಲ್ಲ, ಆಟಿಸಂ ಕೂಡ ಇದೆ. ಪಾಲ್ಮೈರಾಸ್ ತಂಡದ ಪಂದ್ಯಗಳಿಗೆ ಮಗನನ್ನು ಕರೆದೊಯ್ದು, ಅವನ ಕಿವಿಯ ಬಳಿ ಬಾಯಿಟ್ಟು, ಚೆಂಡು ಯಾರ ಕಾಲಲ್ಲಿದೆ, ಯಾವ ಕಡೆ ಓಡುತ್ತಿದೆ, ಜನ ಏಕೆ ಕೂಗಿದರು ಎಂದು ಅವರು ಪಂದ್ಯವಿಡೀ ಹೇಳುತ್ತಿದ್ದರು. 2018ರಲ್ಲಿ ದೂರದರ್ಶನದ ಕ್ಯಾಮೆರಾ ಅದನ್ನು ಹಿಡಿಯಿತು. 2019ರ ಸೆಪ್ಟೆಂಬರ್ 23ರಂದು ಇಟಲಿಯ ಮಿಲಾನಿನಲ್ಲಿ ಫೀಫಾ ಸಂಸ್ಥೆ ವರ್ಷದ ಅಭಿಮಾನಿ ಪ್ರಶಸ್ತಿಯನ್ನು ಆ ತಾಯಿಗೆ ಕೊಟ್ಟಾಗ ಮಗ ವೇದಿಕೆಯ ಮೇಲೆ ಪಕ್ಕದಲ್ಲಿದ್ದ. ಕ್ಯಾಮೆರಾ ಬರುವ ಮುಂಚಿನ ಪಂದ್ಯಗಳಲ್ಲಿ ಆಕೆಯ ಗಂಟಲು ಎಷ್ಟು ನೊಂದಿತ್ತೋ ಯಾರು ಬಲ್ಲರು.

ಇನ್ನೊಬ್ಬ ಅಭಿಮಾನಿ ನಮ್ಮ ಪೋಪ್ ಫ್ರಾನ್ಸಿಸರೇ. ಬ್ಯೂನಸ್ ಐರಿಸಿನ ಅವರ ಸಾನ್ ಲೊರೆನ್ಸೊ ತಂಡ 1908ರಲ್ಲಿ ಹುಟ್ಟಿದ್ದು, ಬೀದಿಯಲ್ಲಿ ಆಡುತ್ತಿದ್ದ ಹುಡುಗರಿಗೆ ಚರ್ಚಿನ ಅಂಗಳ ಬಿಟ್ಟುಕೊಟ್ಟ ಸಲೇಶಿಯನ್ ಗುರು ಲೊರೆನ್ಸೊ ಮಾಸಾ ಅವರ ಆಸರೆಯಲ್ಲಿ. 1946ರಲ್ಲಿ ಆ ತಂಡ ಚಾಂಪಿಯನ್ ಆದ ಸೀಸನ್ನಿನಲ್ಲಿ ಹತ್ತು ತುಂಬದ ಬಾಲಕ ಬೆರ್ಗೋಲಿಯೊ ಮನೆಯವರ ಜೊತೆ ಮೈದಾನದಲ್ಲಿದ್ದ. ಆಮೇಲೆ 1990ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಇನ್ನು ಟಿ.ವಿ. ನೋಡುವುದಿಲ್ಲವೆಂದು ಹರಕೆ ಹೊತ್ತರು. ಅಂದಿನಿಂದ ತಮ್ಮ ತಂಡದ ಆಟವನ್ನು ಅವರು ಟಿ.ವಿ.ಯಲ್ಲಿ ಕಾಣಲೇ ಇಲ್ಲ. ಕ್ಲಬ್ಬಿನ ಸದಸ್ಯತ್ವ ಮಾತ್ರ ಬಿಡಲಿಲ್ಲ, ಸಂಖ್ಯೆ 88235. 2014ರಲ್ಲಿ ತಂಡ ದಕ್ಷಿಣ ಅಮೆರಿಕದ ಅತಿದೊಡ್ಡ ಕಪ್ ಗೆದ್ದಾಗ ಆಟಗಾರರು ಅದನ್ನು ವ್ಯಾಟಿಕನ್ನಿಗೇ ತಂದು ಅವರ ಕೈಗಿತ್ತರು. 2022ರ ಮೇ ತಿಂಗಳಲ್ಲಿ ಮಂಡಿಯ ನೋವಿನಿಂದ ಗಾಲಿಕುರ್ಚಿ ಹಿಡಿದರು. ಅದರಲ್ಲೇ ಕುಳಿತು ದೇಶ ಸುತ್ತಿದರು, ಜನರ ನಡುವೆ ಬಂದರು. 2025ರ ಏಪ್ರಿಲ್ 21ರಂದು, ಪಾಸ್ಕದ ಮರುದಿನ, ನಮ್ಮನ್ನಗಲಿದರು.

ನೋಡದ ಆಟವನ್ನು ಅವರು ಅನುಸರಿಸಿದ್ದು ಹೇಗೆ? 2015ರಲ್ಲಿ ತಮ್ಮ ನಾಡಿನ ಪತ್ರಿಕೆಯೊಂದಕ್ಕೆ ಅವರೇ ಹೇಳಿದ್ದಾರೆ. ಸ್ವಿಸ್ ಕಾವಲುಗಾರನೊಬ್ಬ ವಾರವಾರವೂ ಫಲಿತಾಂಶವನ್ನೂ ಅಂಕಪಟ್ಟಿಯಲ್ಲಿ ತಂಡ ಎಲ್ಲಿದೆ ಎಂಬುದನ್ನೂ ಅವರಿಗೆ ತಂದುಕೊಡುತ್ತಿದ್ದ. ಗೆದ್ದ ವಾರ ಮಾತ್ರವಲ್ಲ, ಪ್ರತಿ ವಾರ.

2025ರ ಸೆಪ್ಟೆಂಬರಿನಲ್ಲಿ ಐ.ಎಸ್.ಎಲ್. ಶುರುವಾಗಲಿಲ್ಲ, ಒಪ್ಪಂದಗಳ ತಕರಾರಿನಲ್ಲಿ ಸೀಸನ್ನೇ ಮುಂದಕ್ಕೆ ಹೋಯಿತು. ಪಂದ್ಯವಿಲ್ಲದ ಅಂಥ ತಿಂಗಳುಗಳಲ್ಲೂ ಕೆರೆಕಟ್ಟೆಯ ಆ ಕಿಟಕಿಯ ಬಳಿ ಒಬ್ಬ ಕುಳಿತಿರುತ್ತಾನೆ. ಭಾನುವಾರ ಪೂಜೆ ಮುಗಿಸಿ ಆ ದಾರಿಯಲ್ಲಿ ಹೋಗುವವರು ಐದು ನಿಮಿಷ ಒಳಗೆ ಹೋಗಿ, ಛೆಟ್ರಿ ಇನ್ನೂ ಎಷ್ಟು ದಿನ ಆಡಬಹುದು ಎಂದು ಕೇಳಿ ನೋಡಿ. ಕಾಲಿನ ವಿಷಯ ಎತ್ತಬೇಡಿ. ಹೊರಡುವ ಮುನ್ನ ಅವನ ಮನೆಯ ಹೊಸ್ತಿಲಿನ ಎತ್ತರವನ್ನೂ, ನಮ್ಮ ಚರ್ಚಿನ ಬಾಗಿಲಿನ ಎತ್ತರವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಮುಂದಿನ ಪಾಲನಾ ಸಮಿತಿ ಸಭೆಗೆ ತನ್ನಿ.